ಖನಿಜ ನಿರ್ಣಾಯಕವಾದರೆ ಜನರ ಮಾತು ಗೌಣವಾಗಬೇಕೇ? ಕೇಂದ್ರ ಪರಿಸರ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ,
ಹೊಸದಿಲ್ಲಿ.

ವಿಷಯ: ಅಣು ಖನಿಜ ಹಾಗೂ ನಿರ್ಣಾಯಕ ಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಸಮಾಲೋಚನೆಯಿಂದ ನೀಡಿರುವ ವಿನಾಯಿತಿಯನ್ನು ಹಿಂಪಡೆಯುವಂತೆ ಕೋರಿಕೆ.

ಮಾನ್ಯರೇ,

ಬಳ್ಳಾರಿ ಸೀಮೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಗಣಿಗಳಲ್ಲಿಯೇ ಕೆಲಸ ಹಿಡಿದು ಸಂಸಾರ ಕಟ್ಟಿಕೊಂಡರು. ಭೂಮಿಯಿಂದ ಅದಿರು ತೆಗೆಯುವುದೇ ತಪ್ಪು ಎಂದು ವಾದಿಸಲು ಈ ಪತ್ರ ಬರೆಯುತ್ತಿಲ್ಲ ಎಂಬುದನ್ನು ಮೊದಲೇ ತಿಳಿಸಲು ಇಷ್ಟನ್ನು ಹೇಳಿದೆ. ತಮ್ಮ ಸಚಿವಾಲಯವು 2025ರ ಸೆಪ್ಟೆಂಬರ್ 8ರಂದು ಹೊರಡಿಸಿದ ಕಚೇರಿ ಜ್ಞಾಪನವೊಂದು ಈ ಪತ್ರಕ್ಕೆ ಕಾರಣ. ಯುರೇನಿಯಂ, ಥೋರಿಯಂ ಮೊದಲಾದ ಅಣು ಖನಿಜಗಳು ಹಾಗೂ 2023ರ ತಿದ್ದುಪಡಿಯ ಮೂಲಕ ಗಣಿ ಮತ್ತು ಖನಿಜ ಕಾಯ್ದೆಯ ಅನುಸೂಚಿಗೆ ಸೇರಿದ 24 ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯ, ಅಂದರೆ ಅಹವಾಲು ಸಭೆ ಕರೆದು ಸ್ಥಳೀಯರ ಮಾತು ಕೇಳುವುದರ, ಅಗತ್ಯವಿಲ್ಲ, ಗುತ್ತಿಗೆಯ ವಿಸ್ತೀರ್ಣ ಎಷ್ಟೇ ಇರಲಿ, ಅವುಗಳ ಪರಿಶೀಲನೆ ಕೇಂದ್ರ ಮಟ್ಟದಲ್ಲಿಯೇ ನಡೆಯುತ್ತದೆ ಎಂದು ಆ ಜ್ಞಾಪನ ಹೇಳುತ್ತದೆ. ರಕ್ಷಣಾ ಸಚಿವಾಲಯ ಮತ್ತು ಅಣುಶಕ್ತಿ ಇಲಾಖೆಯ ಕೋರಿಕೆಯ ಮೇರೆಗೆ ಈ ತೀರ್ಮಾನಕ್ಕೆ ಬರಲಾಗಿದೆ.

ಪರಿಸರ ಅನುಮತಿ ಪಡೆಯುವ ಕಟ್ಟುಪಾಡು ಹಾಗೆಯೇ ಉಳಿದಿದೆ, ಪರಿಸರ ಪರಿಣಾಮ ಮೌಲ್ಯಮಾಪನದ ವರದಿಯೂ ಬೇಕು, ತಜ್ಞರ ಸಮಿತಿಯೂ ಅದನ್ನು ನೋಡುತ್ತದೆ, ಹಾಗಿರುವಾಗ ಒಂದು ಸಭೆ ಕಡಿಮೆಯಾದರೆ ಆಗುವ ನಷ್ಟವೇನು ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಆ ವರದಿ ಹೇಗೆ ತಯಾರಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವನಾಗಿ ನನ್ನ ಉತ್ತರ ಇಷ್ಟೇ: ಆ ಸಭೆ ಹೋದರೆ ಮೌಲ್ಯಮಾಪನವೇ ಅರ್ಧಕ್ಕೆ ನಿಲ್ಲುತ್ತದೆ.

ವರದಿಯನ್ನು ಬರೆಯುವವರು ಸಲಹಾ ಸಂಸ್ಥೆಯವರು. ಅವರಿಗೆ ಹಣ ಕೊಡುವವರು ಗಣಿಯ ಅನುಮತಿ ಕೇಳುತ್ತಿರುವವರೇ. ಯೋಜನಾ ಪ್ರದೇಶವನ್ನು ಕೋರ್ ವಲಯವೆಂದೂ ಅದರ ಸುತ್ತಲಿನ ಹತ್ತು ಕಿಲೋಮೀಟರನ್ನು ಬಫರ್ ವಲಯವೆಂದೂ ಗುರುತಿಸಿ, ಸಾಮಾನ್ಯವಾಗಿ ಒಂದೇ ಋತುವಿನಲ್ಲಿ, ಅದೂ ಮಳೆಗಾಲವನ್ನು ಬಿಟ್ಟು, ಮೂರು ತಿಂಗಳು ಗಾಳಿ, ನೀರು, ಮಣ್ಣು, ಸದ್ದುಗಳನ್ನು ಅಳೆಯುತ್ತಾರೆ. ನಮ್ಮಂಥ ದೇಶದಲ್ಲಿ ಮಳೆಗಾಲವನ್ನು ಕಾಣದೆ ನೀರಿನ ಬಗ್ಗೆ ಬರೆದ ವರದಿ ಎಷ್ಟು ಪೂರ್ಣವಾದೀತು? ಹಳ್ಳ ಯಾವಾಗ ಉಕ್ಕುತ್ತದೆ, ಯಾವ ಒರತೆ ಯಾವ ತಿಂಗಳವರೆಗೆ ನಿಲ್ಲುತ್ತದೆ, ಬರ ಬಿದ್ದ ವರ್ಷ ಮೂರು ಊರಿನ ದನಗಳು ನೀರಿಗಾಗಿ ಎಲ್ಲಿಗೆ ಹೋಗುತ್ತವೆ ಎಂಬುದು ಆ ಮೂರು ತಿಂಗಳ ಕೋಷ್ಟಕಗಳಲ್ಲಿ ಸಿಗುವುದಿಲ್ಲ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯೊಂದರ ವರದಿಯಿಂದ ನಕಲು ಮಾಡಿದ ಭಾಗಗಳಿದ್ದುದು ಬೆಳಕಿಗೆ ಬಂದಿತ್ತು. ವರದಿ ಜನರ ಕೈಗೆ ಸಿಕ್ಕಿದ್ದರಿಂದಲೇ ಅದನ್ನು ಹಿಡಿಯಲು ಸಾಧ್ಯವಾಯಿತು.

ಬಹಳ ವರ್ಷಗಳ ಹಿಂದೆ ನಮ್ಮ ಭಾಗದ ಒಂದು ತಾಲ್ಲೂಕಿನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗೆ ನಾನು ಹೋಗಿದ್ದೆ. ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಯೋಜನಾ ಪ್ರದೇಶದಲ್ಲಿ ವರ್ಷವಿಡೀ ಹರಿಯುವ ಯಾವುದೇ ಜಲಮೂಲವಿಲ್ಲ ಎಂದು ಸಲಹಾ ಸಂಸ್ಥೆಯ ಪ್ರತಿನಿಧಿ ಓದಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರ ಕೈಯಲ್ಲಿದ್ದ ಟೋಪೋ ನಕಾಶೆಯಲ್ಲಿ ಆ ಹಳ್ಳವನ್ನು ಒಣಹಳ್ಳವೆಂದೇ ಗುರುತಿಸಿತ್ತು. ಹಿಂದಿನ ಸಾಲಿನಿಂದ ಕಂಬಳಿ ಹೊದ್ದ ಒಬ್ಬ ಕುರಿಗಾಹಿ ಎದ್ದು ನಿಂತು, "ಸ್ವಾಮಿ, ಶಿವರಾತ್ರಿ ಕಳೆದು ಯುಗಾದಿ ಬಂದ್ರೂ ನಮ್ಮ ಕುರಿ ಅದೇ ಹಳ್ಳದಾಗ ನೀರು ಕುಡೀತಾವು. ಗುಡ್ಡದ ಒಳಗಿಂದ ಒರತಿ ಐತಿ. ನೀವು ಮ್ಯಾಲೆ ಹತ್ತಿ ನೋಡೀರೇನು?" ಎಂದು ಕೇಳಿದರು. ಯಾರೂ ಹತ್ತಿ ನೋಡಿರಲಿಲ್ಲ. ನನಗೆ ಇಂದಿಗೂ ನೆನಪಾಗಿ ನೋಯುವ ಸಂಗತಿಯೆಂದರೆ, ಅದೇ ಗುಡ್ಡಕ್ಕೆ ಹತ್ತಾರು ಬಾರಿ ವಿದ್ಯಾರ್ಥಿಗಳನ್ನು ಕರೆದೊಯ್ದು ಶಿಲೆಗಳ ಪದರ ತೋರಿಸಿದ್ದ ನನಗೂ ಆ ಒರತೆ ಗೊತ್ತಿರಲಿಲ್ಲ. ಸಭೆಯ ನಡಾವಳಿಯಲ್ಲಿ ಆ ಪ್ರಶ್ನೆ ದಾಖಲಾಯಿತು, ದಾಖಲಾದ್ದರಿಂದ ಉತ್ತರ ಕೊಡಲೇಬೇಕಾಯಿತು, ಉತ್ತರ ಕೊಡಲು ಯಾರಾದರೂ ಗುಡ್ಡ ಹತ್ತಲೇಬೇಕಾಯಿತು. ಸಾರ್ವಜನಿಕ ಸಮಾಲೋಚನೆ ಎಂದರೆ ನನ್ನ ಮಟ್ಟಿಗೆ ಇದೇ. ಅದನ್ನು ಯೋಜನೆಗೆ ಜನರ ಒಪ್ಪಿಗೆಯೋ ವಿರೋಧವೋ ಎಂದು ತಲೆ ಎಣಿಸುವ ಕೆಲಸವೆಂದು ದಿಲ್ಲಿಯಲ್ಲಿ ಭಾವಿಸಿದಂತಿದೆ. ವರದಿಗೆ ಗೊತ್ತಿಲ್ಲದ್ದು ವರದಿಯೊಳಕ್ಕೆ ಬರುವುದು ಆ ಬಾಗಿಲಿನಿಂದ ಮಾತ್ರ.

ಕಾನೂನು ಕೂಡ ಇದನ್ನು ಹಾಗೆಯೇ ಕಂಡಿತ್ತು. ಪರಿಸರ ಪರಿಣಾಮ ಮೌಲ್ಯಮಾಪನದ 1994ರ ಅಧಿಸೂಚನೆಗೆ 1997ರಲ್ಲಿ ತಿದ್ದುಪಡಿ ತಂದು ಅಹವಾಲು ಸಭೆಯನ್ನು ಕಡ್ಡಾಯಗೊಳಿಸಲಾಯಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯು ಸಾರ್ವಜನಿಕ ಸಮಾಲೋಚನೆಯನ್ನು ಅನುಮತಿಯ ನಾಲ್ಕು ಹಂತಗಳಲ್ಲೊಂದಾಗಿ ಇಟ್ಟಿತು. ಕನಿಷ್ಠ 30 ದಿನಗಳ ನೋಟಿಸು, ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ, ಆ ಭಾಷೆಯಲ್ಲಿಯೇ ವರದಿಯ ಸಾರಾಂಶ, ಜಿಲ್ಲಾಧಿಕಾರಿಯ ಅಥವಾ ಅಪರ ಜಿಲ್ಲಾಧಿಕಾರಿಯ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿಯ ಅಧ್ಯಕ್ಷತೆ, ಸಭೆಯ ವಿಡಿಯೋ ದಾಖಲೆ, ಕೊನೆಯಲ್ಲಿ ನಡಾವಳಿಯನ್ನು ನೆರೆದವರ ಭಾಷೆಯಲ್ಲಿ ಓದಿ ಹೇಳುವುದು, ಇವೆಲ್ಲ ಆ ಅಧಿಸೂಚನೆಯಲ್ಲಿವೆ. ರಾಷ್ಟ್ರದ ರಕ್ಷಣೆ ಮತ್ತು ಭದ್ರತೆಗೆ ಸಂಬಂಧಿಸಿದ, ಅಥವಾ ಕೇಂದ್ರ ಸರ್ಕಾರ ನಿರ್ಧರಿಸುವ ಇತರ ಆಯಕಟ್ಟಿನ ಪರಿಗಣನೆಗಳಿರುವ ಯೋಜನೆಗಳಿಗೆ ವಿನಾಯಿತಿ ಕೊಡಬಹುದು ಎಂಬ ಒಂದು ಸಾಲೂ ಅದರಲ್ಲಿದೆ. ತಮ್ಮ ಜ್ಞಾಪನ ನಿಂತಿರುವುದು ಆ ಒಂದು ಸಾಲಿನ ಮೇಲೆ.

ಆ 24 ಖನಿಜಗಳ ಪಟ್ಟಿಯನ್ನು ಒಮ್ಮೆ ನೋಡಬೇಕೆಂದು ಕೋರುತ್ತೇನೆ. ಲಿಥಿಯಂ, ಕೋಬಾಲ್ಟ್, ವಿರಳ ಭೂಧಾತುಗಳ ಜೊತೆಗೆ ಅದರಲ್ಲಿ ಪೊಟ್ಯಾಷ್ ಇದೆ, ಫಾಸ್ಫೇಟ್ ಇದೆ, ಗ್ಲಾಕೊನೈಟ್ ಇದೆ. ಹೊಲಕ್ಕೆ ಹಾಕುವ ಗೊಬ್ಬರದ ಮೂಲವಸ್ತುಗಳಿವು. ಕಡಲತೀರದ ಮರಳಿನಲ್ಲಿರುವ ಇಲ್ಮೆನೈಟ್ ಮತ್ತು ರೂಟೈಲ್ ಇವೆ. ಪೊಟ್ಯಾಷ್ ಗಣಿಯ ಪಕ್ಕದ ಊರಿನವರೊಂದಿಗೆ ಮಾತನಾಡಿದರೆ ದೇಶದ ಯಾವ ಗುಟ್ಟು ಹೊರಬೀಳುತ್ತದೆ? ನಿಕ್ಷೇಪ ಎಲ್ಲಿದೆ, ಎಷ್ಟಿದೆ ಎಂಬುದನ್ನು ಸರ್ಕಾರವೇ ಸಂಸತ್ತಿನಲ್ಲಿ ಹೇಳುತ್ತದೆ, ಹರಾಜಿನ ಜಾಹೀರಾತಿನಲ್ಲಿ ಅಚ್ಚು ಹಾಕಿಸುತ್ತದೆ. ಹರಾಜು ಕೂಗುವವರಿಗೆ ತಿಳಿಸಬಹುದಾದದ್ದನ್ನು ಆ ನೆಲದ ಮೇಲೆ ಬದುಕುತ್ತಿರುವವರಿಗೆ ತಿಳಿಸಬಾರದು ಎನ್ನುವುದಕ್ಕೆ ಭದ್ರತೆ ಕಾರಣವಾಗಲಾರದು.

ಈ ವಿನಾಯಿತಿಯಿಂದ ಎಲ್ಲರಿಗೂ ನಷ್ಟವಿದೆ, ಆದರೆ ಆದಿವಾಸಿಗಳಿಗೆ ಆಗುವ ನಷ್ಟದ ಸ್ವರೂಪವೇ ಬೇರೆ. ಅದನ್ನು ನಿಯಮಗಿರಿಯ ಉದಾಹರಣೆಯಿಂದ ವಿವರಿಸಲು ಅನುಮತಿ ಕೊಡಿ. ಒಡಿಶಾದ ರಾಯಗಡ ಮತ್ತು ಕಾಳಾಹಂಡಿ ಜಿಲ್ಲೆಗಳ ನಡುವೆ ಹಬ್ಬಿರುವ ಆ ಬೆಟ್ಟಸಾಲಿನಲ್ಲಿ ಡೊಂಗ್ರಿಯಾ ಕೊಂಧರು ವಾಸಿಸುತ್ತಾರೆ. ಅವರಾಡುವ ಕುವಿ ನಮ್ಮ ಕನ್ನಡದಂತೆಯೇ ದ್ರಾವಿಡ ಕುಟುಂಬಕ್ಕೆ ಸೇರಿದ ಭಾಷೆ. ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ಇದೆ, ಅಲ್ಲಿಯೇ ಅವರ ದೈವವಾದ ನಿಯಮರಾಜನ ನೆಲೆಯೂ ಇದೆ. ಬೆಟ್ಟದ ಅನುಮತಿ ಇತ್ಯರ್ಥವಾಗುವ ಮೊದಲೇ ಬುಡದಲ್ಲಿ, ಲಾಂಜಿಗಡದಲ್ಲಿ, ಅಲ್ಯೂಮಿನಾ ಕಾರ್ಖಾನೆ ಎದ್ದುನಿಂತಿತ್ತು. ಎನ್. ಸಿ. ಸಕ್ಸೇನಾ ನೇತೃತ್ವದ ಸಮಿತಿಯ ವರದಿಯ ನಂತರ 2010ರ ಆಗಸ್ಟ್‌ನಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಅರಣ್ಯ ಅನುಮತಿಯನ್ನು ನಿರಾಕರಿಸಿದರು. ರಾಜ್ಯ ಸರ್ಕಾರದ ಒಡಿಶಾ ಮೈನಿಂಗ್ ಕಾರ್ಪೊರೇಷನ್ ಇದರ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋಯಿತು.

2013ರ ಏಪ್ರಿಲ್ 18ರಂದು ಬಂದ ಆ ತೀರ್ಪು ಗಣಿಗೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬೆಟ್ಟದ ಮೇಲೆ ನಿಯಮರಾಜನನ್ನು ಪೂಜಿಸುವ ಹಕ್ಕಿಗೆ ಗಣಿಯಿಂದ ಧಕ್ಕೆಯಾಗುವುದಾದರೆ ಆ ಹಕ್ಕನ್ನು ಕಾಪಾಡಲೇಬೇಕು ಎಂದ ನ್ಯಾಯಾಲಯ, ಧಕ್ಕೆಯಾಗುತ್ತದೆಯೇ ಎಂಬುದನ್ನು ನೋಡುವ ಹೊಣೆಯನ್ನು ಗ್ರಾಮಸಭೆಗಳಿಗೆ ಒಪ್ಪಿಸಿತು, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ಅಲ್ಲಿ ವೀಕ್ಷಕರಾಗಿರಬೇಕೆಂದಿತು. ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿದ್ದರೂ ರಾಜ್ಯ ಸರ್ಕಾರ ಆಯ್ದದ್ದು 12 ಹಳ್ಳಿಗಳನ್ನು, ಏಳು ರಾಯಗಡದವು, ಐದು ಕಾಳಾಹಂಡಿಯವು. ಜುಲೈ 18ರಂದು ಸೆರ್ಕಪಾಡಿಯಲ್ಲಿ ಮೊದಲ ಸಭೆ, ಆಗಸ್ಟ್ 19ರಂದು ಜರಪದಲ್ಲಿ ಕೊನೆಯದು. ಮಳೆ ಹಿಡಿದ ದಿನಗಳಲ್ಲಿ ಬೆಟ್ಟದ ಹಾದಿ ಹತ್ತಿ ಹೋದ ನ್ಯಾಯಾಧೀಶರ ಮುಂದೆ ಹನ್ನೆರಡೂ ಸಭೆಗಳು ಒಮ್ಮತದಿಂದ ಗಣಿ ಬೇಡವೆಂದವು. 2014ರ ಜನವರಿಯಲ್ಲಿ ತಮ್ಮದೇ ಸಚಿವಾಲಯ ಯೋಜನೆಯನ್ನು ತಿರಸ್ಕರಿಸಿತು.

ಇದನ್ನು ನಂಬಿಕೆಯ ಗೆಲುವು ಎಂದಷ್ಟೇ ಓದುವವರಿದ್ದಾರೆ. ಭೂವಿಜ್ಞಾನ ಓದಿದವನಿಗೆ ಅದರಲ್ಲಿ ಇನ್ನೂ ಒಂದು ಸಂಗತಿ ಕಾಣುತ್ತದೆ. ಪೂರ್ವಘಟ್ಟದ ನೆತ್ತಿಗಳಲ್ಲಿರುವ ಬಾಕ್ಸೈಟ್ ಪದರವು ನಮ್ಮ ಕರಾವಳಿಯ ಮುರಕಲ್ಲಿನಂತೆ ರಂಧ್ರಮಯವಾದದ್ದು, ಮಳೆನೀರನ್ನು ಹೀರಿ ಹಿಡಿದಿಟ್ಟು ಮೆಲ್ಲಮೆಲ್ಲಗೆ ಬುಡದ ತೊರೆಗಳಿಗೆ ಬಿಡುವಂಥದ್ದು. ನೆತ್ತಿಯಲ್ಲಿ ಮರ ಕಡಿಯಬಾರದು, ಅಲ್ಲಿ ಉಳಬಾರದು, ಅದು ದೈವದ ಜಾಗ ಎಂಬ ಡೊಂಗ್ರಿಯಾ ಕಟ್ಟಳೆಯನ್ನೂ ಈ ಜಲಶಾಸ್ತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ಜಾಗವನ್ನು ಕಾಯುತ್ತಿವೆ. ವರದಿ ಬರೆಯುವವರು ಮೊದಲನೆಯದನ್ನು "ಸಾಮಾಜಿಕ–ಸಾಂಸ್ಕೃತಿಕ ಅಂಶಗಳು" ಎಂಬ ಅಧ್ಯಾಯದಲ್ಲಿಯೂ ಎರಡನೆಯದನ್ನು "ಜಲವಿಜ್ಞಾನ" ಎಂಬ ಅಧ್ಯಾಯದಲ್ಲಿಯೂ ಹಾಕುತ್ತಾರೆ. ಎರಡೂ ಒಂದೇ ಎಂದು ಹೇಳಬಲ್ಲವರು ಆ ಬೆಟ್ಟದವರು ಮಾತ್ರ, ಅವರನ್ನು ಕರೆದು ಕೇಳಿದರೆ.

ಕಾಕತಾಳೀಯವೋ ಏನೋ, ಅದೇ 2013ರ ಏಪ್ರಿಲ್ 18ರಂದು ಅದೇ ನ್ಯಾಯಪೀಠ ನಮ್ಮ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳ ಬಗ್ಗೆಯೂ ತೀರ್ಪು ಕೊಟ್ಟಿತು. ಒಂದು ಕಡೆ ಗಣಿ ಶುರುವಾಗುವ ಮೊದಲು ಜನರನ್ನು ಕೇಳಲು ಹೇಳಿದ ನ್ಯಾಯಾಲಯ, ಇನ್ನೊಂದು ಕಡೆ ಎಗ್ಗಿಲ್ಲದೆ ಅಗೆದ ಮೇಲೆ ಉಳಿದದ್ದನ್ನು ವಿಂಗಡಿಸಬೇಕಾಯಿತು: ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಗುತ್ತಿಗೆಗಳ ವರ್ಗೀಕರಣ, ಸಿ ವರ್ಗದವುಗಳ ರದ್ದತಿ, ಪುನಶ್ಚೇತನ ಯೋಜನೆ, ಉತ್ಪಾದನೆಗೆ ಮಿತಿ. ಸಂಡೂರಿನ ಬೆಟ್ಟಗಳು ಎಷ್ಟು ಗಣಿಗಾರಿಕೆಯನ್ನು ತಾಳಬಲ್ಲವು ಎಂಬ ಸಮಗ್ರ ಅಧ್ಯಯನವನ್ನು ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯಿಂದ ಮಾಡಿಸಿದ್ದು 2011ರಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ. ಅಷ್ಟರಲ್ಲಿ ಮೆಣಸಿನ ಗಿಡದ ಎಲೆಯ ಮೇಲೆ ಕೂತ ಕೆಂಧೂಳನ್ನು ಒರೆಸುತ್ತಾ ರೈತರು ಎಷ್ಟು ಸುಗ್ಗಿ ಕಳೆದಿದ್ದರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ತಮ್ಮ ಜ್ಞಾಪನದ ವ್ಯಾಪ್ತಿಗೆ ನೇರವಾಗಿ ಬರುವ ಖನಿಜಕ್ಕೆ ಬರುತ್ತೇನೆ. ಮೇಘಾಲಯದ ನೈಋತ್ಯ ಖಾಸಿ ಬೆಟ್ಟಗಳ ಡೊಮಿಯಾಸಿಯಾಟ್ ಪ್ರದೇಶದಲ್ಲಿ ಯುರೇನಿಯಂ ಇರುವುದು 1980ರ ದಶಕದಿಂದ ಗೊತ್ತಿದೆ. ಖಾಸಿಗಳು ದಶಕಗಳಿಂದ ಅದನ್ನು ವಿರೋಧಿಸುತ್ತಿದ್ದಾರೆ. ಅಲ್ಲಿ 2007ರ ಜೂನ್‌ನಲ್ಲಿ ಅಹವಾಲು ಸಭೆ ನಡೆದಿತ್ತು. ಹೊಸ ಜ್ಞಾಪನದ ಪ್ರಕಾರ ಅಂಥ ಸಭೆಯನ್ನು ಇನ್ನು ಕರೆಯಬೇಕಾಗಿಲ್ಲ. ತೆಲಂಗಾಣದ ನಲ್ಲಮಲದಲ್ಲಿ, ಕೃಷ್ಣಾ ನದಿಯ ದಡದ ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಚೆಂಚುಗಳು ವಾಸಿಸುವ ಕಾಡಿನಲ್ಲಿ ಯುರೇನಿಯಂ ಹುಡುಕುವ ಪ್ರಸ್ತಾಪ ಬಂದಾಗ ಎದ್ದ ವಿರೋಧದ ನಂತರ 2019ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ವಿಧಾನಸಭೆಯೇ ಗಣಿಗಾರಿಕೆಯ ವಿರುದ್ಧ ನಿರ್ಣಯ ಕೈಗೊಂಡಿತು. ಜಾರ್ಖಂಡ್‌ನ ಜಾದುಗುಡದಲ್ಲಿ 1960ರ ದಶಕದ ಕೊನೆಯಿಂದಲೂ ಸಂತಾಲ ಮತ್ತು ಹೋ ಜನರ ಊರುಗಳ ಪಕ್ಕದಲ್ಲಿ ಯುರೇನಿಯಂ ಗಣಿ ಇದೆ. 2006ರ ಡಿಸೆಂಬರ್‌ನಲ್ಲಿ ಅಲ್ಲಿನ ತ್ಯಾಜ್ಯ ಸಾಗಿಸುವ ಕೊಳವೆ ಒಡೆದು ಕೆಸರು ಹಳ್ಳಕ್ಕೆ ಹರಿದಾಗ ಮೊದಲು ಕಂಡು ತಿಳಿಸಿದವರು ಊರಿನವರೇ. ಅದಿರಿನಿಂದ ಯುರೇನಿಯಂ ತೆಗೆದ ಮೇಲೂ ಮೂಲ ವಿಕಿರಣದ ಬಹುಪಾಲು ಆ ಕೆಸರಿನಲ್ಲಿಯೇ ಉಳಿಯುತ್ತದೆ, ಅದರಲ್ಲಿರುವ ರೇಡಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 1,600 ವರ್ಷ. ಗಣಿಯವರು ಇಪ್ಪತ್ತು ಮೂವತ್ತು ವರ್ಷ ಇದ್ದು ಹೋಗುತ್ತಾರೆ. ಕೆಸರಿನ ಕೊಳದ ಪಕ್ಕದಲ್ಲಿ ಮಕ್ಕಳು ಮೊಮ್ಮಕ್ಕಳನ್ನು ಬೆಳೆಸಬೇಕಾದವರನ್ನು ಕೇಳದೆ ಆ ಕೊಳಕ್ಕೆ ಜಾಗ ಗೊತ್ತು ಮಾಡುವುದು ಯಾವ ಅಳತೆಯಿಂದಲೂ ಮೌಲ್ಯಮಾಪನವಾಗುವುದಿಲ್ಲ.

ಕರ್ನಾಟಕದವನಾಗಿ ನಾನು ಇದನ್ನು ಬರೆಯಲು ಇನ್ನೂ ಒಂದು ಕಾರಣವಿದೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಅಣು ಖನಿಜ ನಿರ್ದೇಶನಾಲಯ ಅಂದಾಜಿಸಿದೆ. ಎರಡೂ ಈಗ ವಿನಾಯಿತಿಯ ವ್ಯಾಪ್ತಿಯಲ್ಲಿವೆ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಲ್ಲಿ, ಅಂದರೆ ಆದಿವಾಸಿಗಳಿಗಾಗಿ ವಿಶೇಷ ರಕ್ಷಣೆ ಇರುವ ಕಡೆ, ಭೂಸ್ವಾಧೀನಕ್ಕೆ ಮೊದಲು ಗ್ರಾಮಸಭೆಯನ್ನು ಕೇಳಬೇಕೆನ್ನುವ 1996ರ ಪೆಸಾ (ಅನುಸೂಚಿತ ಪ್ರದೇಶಗಳಿಗೆ ಪಂಚಾಯಿತಿ ವ್ಯವಸ್ಥೆಯ ವಿಸ್ತರಣೆ) ಕಾಯ್ದೆ ಇದೆ. ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶವೆಂದು ಘೋಷಿಸಿದ ಒಂದು ಅಂಗುಲ ನೆಲವೂ ಇಲ್ಲ. ಇಲ್ಲಿನ ಜೇನುಕುರುಬರಿಗೆ, ಕೊರಗರಿಗೆ, ಸೋಲಿಗರಿಗೆ, ಯರವರಿಗೆ ಪೆಸಾದ ಆಸರೆ ಇಲ್ಲ. ಕಾಡಿನ ನೆಲವಾದರೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ ಎನ್ನಬಹುದು, ಆದರೆ 2022ರ ಅರಣ್ಯ ಸಂರಕ್ಷಣಾ ನಿಯಮಗಳು ಆ ಹಕ್ಕುಗಳನ್ನು ಇತ್ಯರ್ಥಪಡಿಸುವ ಕೆಲಸವನ್ನು ಕೇಂದ್ರದ ಅನುಮೋದನೆಯ ನಂತರಕ್ಕೆ, ರಾಜ್ಯದ ಹೆಗಲಿಗೆ ದೂಡಿದವು. ಗೋಮಾಳ, ಹುಲ್ಲುಗಾವಲು, ಕಂದಾಯ ಭೂಮಿಯಾದರೆ ಉಳಿದಿದ್ದ ಮುಖ್ಯ ವೇದಿಕೆ ಅಹವಾಲು ಸಭೆ. ತಮ್ಮ ಜ್ಞಾಪನ ತೆಗೆದುಹಾಕಿರುವುದು ಅದನ್ನೇ.

ಆದಿವಾಸಿಗಳ ಅರಿವನ್ನು ಗೌರವದಿಂದ ಕೇಳಿದಾಗ ಏನು ಸಿಗುತ್ತದೆ ಎಂಬುದಕ್ಕೆ ನಮ್ಮಲ್ಲಿಯೇ ಸಾಕ್ಷಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡನ್ನು ಯೆಲೆಗಳಾಗಿ, ಅಂದರೆ ಕುಲಗಳ ಎಲ್ಲೆಗಳಾಗಿ ವಿಂಗಡಿಸುತ್ತಾರೆ. ಪ್ರತಿ ಯೆಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ನೆಲೆಗಳಿವೆ. ಅಬ್ಬಿ ಎಂದರೆ ನೀರಿನ ಸೆಲೆ. ಸಂಶೋಧಕರು ಹಿರಿಯ ಸೋಲಿಗರ ಜೊತೆ ಕಾಡಿನಲ್ಲಿ ನಡೆದು ಈ ನೆಲೆಗಳ ನಕ್ಷೆ ತಯಾರಿಸಿದಾಗ ಸಿಕ್ಕಿದ್ದು ಬರೀ ದೈವಗಳ ಪಟ್ಟಿಯಲ್ಲ, ಕಾಡಿನ ನೀರಿನ ನಕ್ಷೆಯೂ ಸಿಕ್ಕಿತು. ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತಾ ಬಂದದ್ದನ್ನು ಪರಿಸರ ವಿಜ್ಞಾನಿಗಳು ನಂತರ ಗಂಭೀರವಾಗಿ ಅಧ್ಯಯನ ಮಾಡಿದರು. ಹೀಗೆ ದಶಕಗಳ ಕಾಲ ಒಂದೇ ಜಾಗವನ್ನು ಗಮನಿಸಿದ ಅರಿವಿಗೆ ಮೂರು ತಿಂಗಳ ಅಳತೆ ಸಾಟಿಯಲ್ಲ, ಹಾಗೆಯೇ ಉಪಕರಣಗಳ ಅಳತೆಯ ಕೆಲಸವನ್ನು ನೆನಪು ಮಾಡಲಾರದು. ಎರಡೂ ಒಂದು ಮೇಜಿನ ಮೇಲೆ ಬರಬೇಕು.

ಬೇರೆ ದೇಶಗಳಲ್ಲಿ ಗಣಿಗಳಿಗೆ ಬೇಡಿಕೆ ಕಡಿಮೆಯೇನಿಲ್ಲ. ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿ, ಬಾಫಿನ್ ದ್ವೀಪದ ಮೇರಿ ರಿವರ್ ಕಬ್ಬಿಣದ ಗಣಿಯವರು ಅದಿರಿನ ಸಾಗಣೆಯನ್ನು ವರ್ಷಕ್ಕೆ 60 ಲಕ್ಷ ಟನ್‌ಗಳಿಂದ 1 ಕೋಟಿ 20 ಲಕ್ಷ ಟನ್‌ಗಳಿಗೆ ಏರಿಸಲು ಅನುಮತಿ ಕೇಳಿದ್ದರು. ಅಲ್ಲಿನ ಪರಿಶೀಲನಾ ಮಂಡಳಿ ಸುಮಾರು ನಾಲ್ಕು ವರ್ಷ ಅದನ್ನು ನೋಡಿತು. ಸಭೆಗಳು ಅಲ್ಲಿನ ಮೂಲನಿವಾಸಿ ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲಿಯೂ ನಡೆದವು. ಹಡಗುಗಳ ಸದ್ದಿಗೆ ನಾರ್ವಾಲ್ ತಿಮಿಂಗಿಲಗಳು ದೂರ ಸರಿಯುತ್ತಿವೆ ಎಂಬ ಇನುಯಿಟ್ ಬೇಟೆಗಾರರ ಮಾತನ್ನು ವಿಜ್ಞಾನಿಗಳ ದತ್ತಾಂಶದ ಜೊತೆಯಲ್ಲಿಯೇ ಇಟ್ಟು ತೂಗಲಾಯಿತು. 2022ರ ಮೇ ತಿಂಗಳಲ್ಲಿ ಮಂಡಳಿ ವಿಸ್ತರಣೆ ಬೇಡವೆಂದಿತು, ನವೆಂಬರ್‌ನಲ್ಲಿ ಕೇಂದ್ರ ಸಚಿವರು ಅದನ್ನು ಒಪ್ಪಿದರು. ಗಣಿ ಮುಚ್ಚಲಿಲ್ಲ, ಮೊದಲಿನ ಪ್ರಮಾಣದಲ್ಲಿ ನಡೆಯುತ್ತಿದೆ. ಸ್ಥಳೀಯ ಜನಾಂಗಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2007ರಲ್ಲಿ ಮಾಡಿದ ಘೋಷಣೆಯು ಖನಿಜ ಯೋಜನೆಗಳಿಗೆ ಮೊದಲು, ಒತ್ತಾಯವಿಲ್ಲದೆ, ಪೂರ್ತಿ ಮಾಹಿತಿ ಕೊಟ್ಟು ಅವರ ಸಮ್ಮತಿ ಪಡೆಯಲು ಸಮಾಲೋಚಿಸಬೇಕೆನ್ನುತ್ತದೆ. ಭಾರತ ಅದರ ಪರವಾಗಿ ಮತ ಹಾಕಿದೆ.

ನಮ್ಮ ಅಹವಾಲು ಸಭೆಗಳು ಹೇಗೆ ನಡೆಯುತ್ತವೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಊರಿಗಿಂತ ದೂರದ ಪಟ್ಟಣದಲ್ಲಿ ಸಭೆ ಇಡುತ್ತಾರೆ, ಪೊಲೀಸರ ಸಾಲು ದಾಟಿ ಒಳಗೆ ಹೋಗಬೇಕು, ಕೆಲಸದ ಆಸೆ ತೋರಿಸಿ ಕರೆತಂದವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಸಭೆಗೆ ಇಂತಿಷ್ಟು ಜನ ಬರಲೇಬೇಕೆಂಬ ನಿಯಮವೂ ಇಲ್ಲ. ಸ್ಥಳೀಯ ಭಾಷೆ ಎಂದರೆ ರಾಜ್ಯದ ಆಡಳಿತ ಭಾಷೆ ಎಂದೇ ತಿಳಿದುಕೊಂಡಿರುವುದರಿಂದ ಕುವಿ, ಸಂತಾಲಿ, ಸೋಲಿಗನುಡಿ ಮಾತನಾಡುವವರು ಆಗಲೂ ಹೊರಗೇ ಉಳಿಯುತ್ತಾರೆ. ಇಷ್ಟೆಲ್ಲ ಕೊರತೆಯಿದ್ದರೂ ಅಲ್ಲಿ ಒಬ್ಬ ಕುರಿಗಾಹಿ ಎದ್ದು ನಿಂತು ಕೇಳಿದ ಪ್ರಶ್ನೆ ಸರ್ಕಾರಿ ದಾಖಲೆಯಾಗುತ್ತದೆ. ಸೋರುವ ಮಾಳಿಗೆಯನ್ನು ರಿಪೇರಿ ಮಾಡಿಸಬೇಕಾದವರು ಮನೆಯನ್ನೇ ಕೆಡವಬಾರದು.

ಹೀಗಾಗಿ ತಮ್ಮಲ್ಲಿ ನನ್ನ ಮೊದಲ ಕೋರಿಕೆ, ಸೆಪ್ಟೆಂಬರ್ 8ರ ಜ್ಞಾಪನವನ್ನು ಹಿಂಪಡೆಯಿರಿ. ಇಷ್ಟು ದೊಡ್ಡ ಬದಲಾವಣೆಯನ್ನು ಕರಡು ಪ್ರಕಟಿಸದೆ, ಆಕ್ಷೇಪಣೆ ಆಹ್ವಾನಿಸದೆ, ಜ್ಞಾಪನದ ಮೂಲಕ ಮಾಡುವುದು ಕಾನೂನಿನ ಎದುರು ನಿಲ್ಲುವುದೂ ಕಷ್ಟ. ರಸ್ತೆ, ಕೊಳವೆಮಾರ್ಗದಂಥ ಕಾಮಗಾರಿಗಳಿಗೆ ಮಣ್ಣು ತೆಗೆಯಲು 2020ರಲ್ಲಿ ಜನರಿಗೆ ತಿಳಿಸದೆ ಕೊಟ್ಟಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದುಪಡಿಸಿದ್ದು ತಮಗೆ ತಿಳಿದೇ ಇದೆ. ಅದೇ 2020ರಲ್ಲಿ ಪರಿಸರ ಮೌಲ್ಯಮಾಪನದ ಹೊಸ ಕರಡು ಅಧಿಸೂಚನೆಯು ಪ್ರಾದೇಶಿಕ ಭಾಷೆಗಳಲ್ಲಿ ಜನರನ್ನು ತಲುಪಿಲ್ಲವೆಂಬ ಅರ್ಜಿಯ ಮೇಲೆ ನಮ್ಮ ಕರ್ನಾಟಕ ಹೈಕೋರ್ಟ್ ಅಂತಿಮ ಪ್ರಕಟಣೆಗೆ ತಡೆ ನೀಡಿತ್ತು. ಯಾವುದಾದರೂ ಯೋಜನೆಯಲ್ಲಿ ನಿಜಕ್ಕೂ ಗೋಪ್ಯವಾದ ಅಂಶವಿದ್ದರೆ ಅದಷ್ಟನ್ನೇ, ಕಾರಣ ಬರೆದು, ವರದಿಯ ಸಾರ್ವಜನಿಕ ಪ್ರತಿಯಿಂದ ತೆಗೆಯಬಹುದು. ನೀರು, ಧೂಳು, ತ್ಯಾಜ್ಯದ ಕೊಳ, ಮೇವಿನ ನೆಲ, ದೈವದ ಜಾಗ ಇವು ಯಾವ ದೇಶದ ಸೇನೆಗೂ ಗುಟ್ಟಲ್ಲ.

ಜ್ಞಾಪನ ಹಿಂದಕ್ಕೆ ಹೋದರೆ ಹಳೆಯ ಕೊರತೆಗಳೊಂದಿಗೆ ಹಳೆಯ ಸಭೆ ಮರಳುತ್ತದೆ, ಅಷ್ಟೇ ಸಾಲದು. ಆದಿವಾಸಿಗಳಿರುವ ಕಡೆ ವರದಿ ಮುಗಿದ ಮೇಲೆ ಅವರನ್ನು ಕರೆಯುವ ಬದಲು, ಅಧ್ಯಯನದಲ್ಲಿ ಏನೇನು ನೋಡಬೇಕೆಂದು ತೀರ್ಮಾನಿಸುವ ಹಂತದಲ್ಲಿಯೇ ಗ್ರಾಮಸಭೆಯನ್ನು ಕೇಳಬೇಕು, ಆಗ ಒರತೆ ಎಲ್ಲಿದೆ ಎಂಬುದು ಮೊದಲ ದಿನವೇ ನಕ್ಷೆಯ ಮೇಲೆ ಬರುತ್ತದೆ. ಬರವಣಿಗೆ ಬಾರದವರಿಗೆ, ಲಿಪಿಯಿಲ್ಲದ ನುಡಿಯವರಿಗೆ ವರದಿಯ ಸಾರವನ್ನು ಅವರ ನುಡಿಯಲ್ಲಿ ಬಾಯಿಮಾತಿನಲ್ಲಿ, ಒಂದಕ್ಕಿಂತ ಹೆಚ್ಚು ಸಲ, ಅವರ ಊರಿನಲ್ಲಿಯೇ ಹೇಳಿಸಬೇಕು, ಮತ್ತು ಅವರು ಹೇಳಿದ್ದನ್ನು ಅದೇ ನುಡಿಯಲ್ಲಿ ಧ್ವನಿಮುದ್ರಿಸಿ ತಜ್ಞರ ಸಮಿತಿಗೆ ಕಳುಹಿಸಬೇಕು. ಮಳೆಗಾಲವೂ ಸೇರಿದಂತೆ ಒಂದು ಪೂರ್ಣ ವರ್ಷದ ಮಾಹಿತಿಯಿಲ್ಲದ ವರದಿಯನ್ನು ಸ್ವೀಕರಿಸಬಾರದು. ಸಲಹಾ ಸಂಸ್ಥೆಗೆ ಗಣಿಯವರು ನೇರವಾಗಿ ಹಣ ಕೊಡುವ ಪದ್ಧತಿಯನ್ನು ಕೈಬಿಟ್ಟು, ಆ ಹಣವನ್ನು ಸರ್ಕಾರದ ನಿಧಿಯೊಂದಕ್ಕೆ ಕಟ್ಟಿಸಿಕೊಂಡು ಅಲ್ಲಿಂದ ಪಾವತಿಸಬೇಕು.

ಲಿಥಿಯಂ ಮತ್ತು ವಿರಳ ಭೂಧಾತುಗಳಿಗಾಗಿ ನಾವು ಬೇರೆ ದೇಶಗಳ ಬಾಗಿಲಲ್ಲಿ ನಿಲ್ಲಬಾರದು ಎಂಬ ಸರ್ಕಾರದ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ನಿಕ್ಷೇಪ ಪತ್ತೆಯಾದ ದಿನದಿಂದ ಗಣಿಯಾಗುವವರೆಗೆ ಹಿಡಿಯುವ ಹಲವು ವರ್ಷಗಳಲ್ಲಿ ಸಾರ್ವಜನಿಕ ಸಮಾಲೋಚನೆಗೆಂದು ನಿಯಮ ಕೊಟ್ಟಿರುವುದು 45 ದಿನ. ವಿಳಂಬದ ಮೂಲ ಅಲ್ಲಿಲ್ಲ. ಅಲ್ಲದೆ ಡೊಮಿಯಾಸಿಯಾಟ್‌ನಲ್ಲಿ ಇಷ್ಟು ದಶಕಗಳಲ್ಲಿ ಗಣಿ ಆರಂಭವಾಗದೆ ಇರುವುದಕ್ಕೆ ಕಾರಣ ಅಲ್ಲೊಂದು ಸಭೆ ನಡೆದದ್ದಲ್ಲ, ಸಭೆಯಲ್ಲಿ ಮತ್ತು ಹೊರಗೆ ಖಾಸಿಗಳು ಎತ್ತಿದ ಪ್ರಶ್ನೆಗಳಿಗೆ ಅವರು ಒಪ್ಪುವ ಉತ್ತರ ಸಿಗದಿರುವುದು. ಸಭೆಯನ್ನು ತೆಗೆದುಹಾಕಿದರೆ ಆ ಪ್ರಶ್ನೆಗಳು ಹೋಗುವುದಿಲ್ಲ.

ಈ ಪತ್ರದ ಪ್ರತಿಯನ್ನು ಕರ್ನಾಟಕದ ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಸಚಿವರಿಗೂ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೂ ಕಳುಹಿಸುತ್ತಿದ್ದೇನೆ. ಈ ವಿನಾಯಿತಿಯ ಅಡಿಯಲ್ಲಿ ಈವರೆಗೆ ಯಾವ ಯಾವ ಗಣಿ ಯೋಜನೆಗಳ ಅರ್ಜಿಗಳನ್ನು ಪರಿಶೀಲನೆಗೆ ತೆಗೆದುಕೊಳ್ಳಲಾಗಿದೆ, ಅವುಗಳಲ್ಲಿ ಆದಿವಾಸಿ ಊರುಗಳಿರುವ ಪ್ರದೇಶಗಳು ಯಾವುವು ಎಂಬ ಪಟ್ಟಿಯನ್ನು ಆಯಾ ರಾಜ್ಯದ ಭಾಷೆಯಲ್ಲಿ ಪ್ರಕಟಿಸಬೇಕೆಂದೂ, ಅವುಗಳಲ್ಲಿ ಯಾವುದಕ್ಕಾದರೂ ಅನುಮತಿ ಕೊಡುವ ಮೊದಲು ಈ ಪತ್ರಕ್ಕೆ ಉತ್ತರಿಸಬೇಕೆಂದೂ ವಿನಂತಿಸುತ್ತೇನೆ. ಉತ್ತರ ಕನ್ನಡದಲ್ಲಿದ್ದರೆ ಗೋಗಿಯ ಗ್ರಾಮ ಪಂಚಾಯಿತಿಯಲ್ಲಿಯೂ ಮರಳಗಾಲದಲ್ಲಿಯೂ ಅದನ್ನು ಓದಿ ಹೇಳಲು ಅನುಕೂಲವಾಗುತ್ತದೆ.

ಗೌರವಪೂರ್ವಕವಾಗಿ,
ಬಳ್ಳಾರಿ ಸೀಮೆಯ ಒಬ್ಬ ನಿವೃತ್ತ ಭೂವಿಜ್ಞಾನ ಅಧ್ಯಾಪಕ